ಮಿತ್ರನಂತೆ ಬಂದ ಯಕಾರ

ಒಂಬತ್ತನೇ ತರಗತಿಗೆ ಬರುವಷ್ಟರಲ್ಲಿ ಲೋಪ, ಆಗಮ, ಆದೇಶ ಸಂಧಿಗಳ ಸೂತ್ರ ನನಗೆ ಬಾಯಿಪಾಠ ಆಗಿತ್ತು. ಪರೀಕ್ಷೆಯಲ್ಲಿ ಅಂಕವೂ ಬರುತ್ತಿತ್ತು. ಆದರೆ ಆ ಹೆಸರುಗಳು ಯಾಕೆ ಹಾಗಿವೆ ಅಂತ ಗೊತ್ತಿರಲಿಲ್ಲ. ಆದೇಶ ಅಂದರೆ ಅಪ್ಪನಿಗೆ ಕಚೇರಿಯಿಂದ ಬರುವ ಕಾಗದ. ಅಕ್ಷರಕ್ಕೆ ಯಾರು ಆದೇಶ ಕೊಡ್ತಾರೆ?

ನಮ್ಮ ಕನ್ನಡ ಮೇಷ್ಟ್ರು ಇದನ್ನು ಕಪ್ಪುಹಲಗೆಯಲ್ಲಿ ಅಲ್ಲ, ಮೊದಲ ಬೆಂಚಿನಲ್ಲಿ ತೋರಿಸಿದರು. ಇಬ್ಬರು ಕೂತಿದ್ದ ಕಡೆ ನನ್ನನ್ನು ಕರೆದು ನಡುವೆ ಕೂರಿಸಿದರು. “ಇವನು ಬಂದದ್ದರಿಂದ ಯಾರಾದರೂ ಎದ್ದು ಹೋದರಾ? ಇಲ್ಲ. ಸ್ವಲ್ಪ ಸರಿದು ಜಾಗ ಕೊಟ್ಟರು. ಇದು ಆಗಮ. ಮನೆ, ಅಲ್ಲಿ. ನಡುವೆ ಯಕಾರ ಬಂದು ಕೂತಿತು, ಮನೆಯಲ್ಲಿ.” ಆಮೇಲೆ ಪಕ್ಕದವನನ್ನು ಎಬ್ಬಿಸಿ ಅದೇ ಜಾಗದಲ್ಲಿ ಇನ್ನೊಬ್ಬನನ್ನು ಕೂರಿಸಿದರು. “ಇದು ಆದೇಶ. ಮಳೆ, ಕಾಲ. ಕಕಾರ ಎದ್ದು ಹೋಯ್ತು, ಗಕಾರ ಅದರ ಜಾಗ ಹಿಡಿಯಿತು. ಮಳೆಗಾಲ.” ಕೊನೆಗೆ ಒಬ್ಬನನ್ನು ಸುಮ್ನೆ ಹೊರಗೆ ಕಳಿಸಿದರು. ಅವನ ಜಾಗಕ್ಕೆ ಯಾರೂ ಬರಲಿಲ್ಲ. ಊರು, ಅಲ್ಲಿ, ಊರಲ್ಲಿ. ಉಕಾರ ಲೋಪ.

ಹಳೆಯ ವೈಯಾಕರಣರ ಮಾತೊಂದನ್ನೂ ಆವತ್ತೇ ಹೇಳಿದರು: ‘ಮಿತ್ರವದಾಗಮಃ, ಶತ್ರುವದಾದೇಶಃ’. ಆಗಮ ಮಿತ್ರನ ಹಾಗೆ ಬಂದು ಪಕ್ಕದಲ್ಲಿ ಕೂರುತ್ತದೆ. ಆದೇಶ ಶತ್ರುವಿನ ಹಾಗೆ, ಇದ್ದವರನ್ನು ಓಡಿಸಿ ಕೂರುತ್ತದೆ. ಆ ದಿನದಿಂದ ನನಗೆ ಸಂಧಿ ತಪ್ಪಿಲ್ಲ.

ಪದಗಳು ಸೇರಿ ಒಂದೇ ಪದವಾಗುವ ಸಮಾಸದ ಪಾಠ ಗದ್ದೆಯಿಂದ ಶುರುವಾಯಿತು. ಶಾಲೆಯ ಹಿಂದೆ ಪೂರ್ತಿ ಭತ್ತದ ಗದ್ದೆ. “ವ್ರೀಹಿ ಅಂದರೆ ಅದೇ ಕಣ್ರೋ, ಭತ್ತ. ಬಹುವ್ರೀಹಿ ಅಂದರೆ ಬಹಳ ಭತ್ತ ಅಲ್ಲ, ಬಹಳ ಭತ್ತ ಇರುವವನು. ಪದದಲ್ಲಿ ಆ ಯಜಮಾನ ಎಲ್ಲೂ ಕಾಣುವುದಿಲ್ಲ. ಆದರೆ ಅವನೇ ಮುಖ್ಯ.” ಮುಕ್ಕಣ್ಣ ಅನ್ನುವಾಗ ಮೂರೂ ಮುಖ್ಯ ಅಲ್ಲ, ಕಣ್ಣೂ ಅಲ್ಲ, ಶಿವ ತಾನೇ? ತತ್ಪುರುಷ ಎಂಬ ಹೆಸರೂ ಹೀಗೇ ತನಗೆ ತಾನೇ ಉದಾಹರಣೆ, ‘ಅವನ ಆಳು’ ಅಂತ. ಅಲ್ಲಿ ಎರಡನೆಯ ಪದ, ಆಳೇ ಮುಖ್ಯ. ಅಷ್ಟು ವರ್ಷ ಉರು ಹೊಡೆದ ಹೆಸರಿನೊಳಗೇ ಅರ್ಥ ಕೂತಿತ್ತು ಅಂತ ತಿಳಿದಾಗ ಆದ ಖುಷಿಯನ್ನು ಇವತ್ತಿಗೂ ಮರೆತಿಲ್ಲ.

ನಾನೀಗ ಮುದ್ರಣಾಲಯದಲ್ಲಿ ಕರಡು ತಿದ್ದುತ್ತೇನೆ. ಕನ್ನಡ ಪದವನ್ನೂ ಸಂಸ್ಕೃತ ಪದವನ್ನೂ ಬಲವಂತವಾಗಿ ಜೋಡಿಸಿದ ಅರಿಸಮಾಸ ಕಂಡಾಗ ಮೇಷ್ಟ್ರು ನೆನಪಾಗುತ್ತಾರೆ. ಅಂಥ ಬೆರಕೆ, ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಹಾಕಿದಂತೆ ಎಂದು 9ನೇ ಶತಮಾನದ ಕವಿರಾಜಮಾರ್ಗದಲ್ಲೇ ಇದೆ ಅಂತ ಹೇಳಿದವರು ಅವರು.

ಅಲಂಕಾರದ ಪಾಠದ ದಿನ ಮೇಷ್ಟ್ರು, ಹೋಲಿಕೆಗೆ ಕಮಲ, ಚಂದ್ರ ಬೇಡ, ಮನೆಯಲ್ಲಿ ಕೇಳಿದ್ದು ಹೇಳಿ ಅಂದರು. ಒಬ್ಬಳು ಎದ್ದು, “ದೋಸೆ ಜರಡಿ ಥರ ಆಗಿದೆ ಅಂತ ನಮ್ಮಜ್ಜಿ ಅಂದ್ರು ಸಾರ್” ಅಂದಳು.

“ಉಪಮೇಯ?”

“ದೋಸೆ.”

“ಉಪಮಾನ?”

“ಜರಡಿ. ‘ಥರ’ ಉಪಮಾವಾಚಕ.”

“ಸಮಾನಧರ್ಮ?”

“ತೂತು ಸಾರ್.”

“ಅಜ್ಜಿ ತೂತು ಅನ್ನಲೇ ಇಲ್ವಲ್ಲಮ್ಮ?”

“ಹೇಳಬೇಕಾ ಸಾರ್, ಗೊತ್ತಾಗತ್ತಲ್ಲ!”

ಮೇಷ್ಟ್ರ ಮುಖ ಅರಳಿತು. ನಾಲ್ಕರಲ್ಲಿ ಒಂದನ್ನು ಹೇಳದೆ ಬಿಟ್ಟರೂ ತಿಳಿಯುತ್ತದಲ್ಲ, ಅದೇ ಲುಪ್ತೋಪಮೆ ಅಂದರು. ‘ಈ ದೋಸೆಯೇ ಜರಡಿ’ ಅಂದರೆ ರೂಪಕ. ‘ಇದೇನು ಜರಡಿಯೋ ಅನ್ನಿಸ್ತು’ ಅಂದರೆ ಉತ್ಪ್ರೇಕ್ಷೆ. ಒಂದೇ ದೋಸೆಯಲ್ಲಿ ಆವತ್ತಿನ ಪಾಠ ಮುಗಿಯಿತು.

ವಿಭಕ್ತಿಯಲ್ಲಿ ಮಾತ್ರ ನನಗೊಂದು ಅನುಮಾನ ಉಳಿದಿತ್ತು. ಪಂಚಮಿಗೆ ‘ದೆಸೆಯಿಂದ’ ಅಂತ ಪುಸ್ತಕದಲ್ಲಿ ಇತ್ತು. ಮನೆಯಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ಒಂದು ವಾರ ಅಮ್ಮನ ಮಾತಿಗೆ ಕಿವಿಗೊಟ್ಟು, ಎರಡು ವಾಕ್ಯ ಬರೆದುಕೊಂಡು ಹೋಗಿ ತೋರಿಸಿದೆ. ‘ಕತ್ತಿಯಿಂದ ಕಾಯಿ ಒಡೆದೆ’, ‘ಮರದಿಂದ ಕಾಯಿ ಬಿತ್ತು’. ಮೊದಲನೆಯದು ತೃತೀಯಾ, ಕತ್ತಿ ಸಾಧನ. ಎರಡನೆಯದು ಪಂಚಮಿ, ಮರ ಕಾಯಿ ಬಿಟ್ಟು ಬಂದ ಜಾಗ. ಪ್ರತ್ಯಯ ಎರಡಕ್ಕೂ ಒಂದೇ ಅಲ್ವಾ ಸಾರ್ ಅಂತ ಕೇಳಿದೆ.

ಬೈಯಲಿಲ್ಲ. ಎರಡನ್ನೂ ಒಂದರ ಕೆಳಗೊಂದು ಹಲಗೆಯ ಮೇಲೆ ಬರೆದರು. ಎರಡೂ ‘ಇಂದ’ಕ್ಕೆ ಅಡಿಗೆರೆ ಎಳೆದರು. “ನಿಮ್ಮಮ್ಮ ಹೇಳಿದ್ದೇ ಸರಿ. ಕನ್ನಡ ಹೀಗೇ ಇದೆ” ಅಂದು, ಆ ದಿನ ಹಲಗೆ ಒರೆಸದೇ ಹೋದರು.