ಮಧುರೈ ಊಟದ ಟೈಮ್‌ಟೇಬಲ್

23 ನವೆಂಬರ್ 2025, ಭಾನುವಾರ
ಬೆಂಗಳೂರು

ಕೊಡೈಕೆನಾಲ್ ಬೇಡ ಅಂತ ಇವತ್ತು ಖಡಾಖಂಡಿತವಾಗಿ ಹೇಳಿಬಿಟ್ಟೆ. ರಾಮೇಶ್ವರವೂ ಬೇಡ. ಮಧುರೈಗೆ ಹೋಗುತ್ತೇವೆ ಅಂದರೆ ಸಾಕು, "ಹೇಗೂ ಅಷ್ಟು ದೂರ ಹೋಗ್ತೀರ, ಹಾಗೇ..." ಅಂತ ಎಲ್ಲರೂ ಶುರು ಮಾಡುತ್ತಾರೆ. ಆ "ಹಾಗೇ" ಎಷ್ಟು ಪ್ರವಾಸಗಳನ್ನು ಹಾಳು ಮಾಡಿದೆಯೋ! ನಾವು ಹೋಗುತ್ತಿರುವುದು ತಿನ್ನೋಕೆ. ಜೊತೆಗೆ ಮೀನಾಕ್ಷಿ ದರ್ಶನ. ಅಷ್ಟೇ.

ಜನವರಿ 26 ಈ ಸಲ ಸೋಮವಾರ ಬಂದಿದೆ. ಶುಕ್ರವಾರ ಮಧ್ಯಾಹ್ನ ರಜೆ ಹಾಕಿದರೆ ಎರಡು ಪೂರ್ತಿ ದಿನ ಸಿಗುತ್ತವೆ. ನಾನು ಹಾವೇರಿ ಕಡೆಯವಳು, ತಟ್ಟೆಗೆ ಬಂದದ್ದನ್ನೆಲ್ಲ ತಿನ್ನುತ್ತೇನೆ. ಜೊತೆಗೆ ಬರುವ ಗೆಳತಿ ತೀರ್ಥಹಳ್ಳಿಯವಳು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹಾಗಾಗಿ ಈ ಪ್ಲ್ಯಾನ್ ಒಬ್ಬಳೇ ಕೂತು ಮಾಡುವಂಥದ್ದಲ್ಲ. ಬೆಳಿಗ್ಗೆಯಿಂದ ಫೋನಿನಲ್ಲಿ ಜಗಳ ನಡೆದೇ ಇದೆ.

ರೈಲಿನ ವಿಷಯ ಮೊದಲು ಮುಗಿಸುತ್ತೇನೆ. ಬೆಂಗಳೂರು ಕಂಟೋನ್ಮೆಂಟ್‌ನಿಂದ ಮಧುರೈಗೆ 2024ರ ಆಗಸ್ಟ್ ಕೊನೆಯಲ್ಲಿ ವಂದೇ ಭಾರತ್ ಬಂತಲ್ಲ, ಅದು ಮಧ್ಯಾಹ್ನ ಒಂದೂವರೆಗೆ ಹೊರಟು ರಾತ್ರಿ ಹತ್ತಕ್ಕೆ ಸ್ವಲ್ಪ ಮೊದಲು ಮುಟ್ಟಿಸುತ್ತದೆ. ಮಂಗಳವಾರ ಇಲ್ಲ. ಬುಕಿಂಗ್ ಈಗ ಅರವತ್ತು ದಿನ ಮೊದಲು ಮಾತ್ರ, ಹಿಂದಿನ ಹಾಗೆ ನೂರಿಪ್ಪತ್ತು ದಿನ ಇಲ್ಲ. ಲೆಕ್ಕ ಹಾಕಿದರೆ ಜನವರಿ 23ರ ಟಿಕೆಟ್ ನಾಳೆ ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ. ಸಿಗದಿದ್ದರೆ ಮೈಸೂರು–ತೂತುಕುಡಿ ಎಕ್ಸ್‌ಪ್ರೆಸ್ ಇದೆ, ರಾತ್ರಿ ಮಲಗಿ ಬೆಳಿಗ್ಗೆ ಇಳಿಯಬಹುದು. ಆದರೆ ಶುಕ್ರವಾರದ ರಾತ್ರಿಯನ್ನು ಬಿಡಲು ನನಗೆ ಇಷ್ಟವಿಲ್ಲ.

ಯಾಕೆ ಅಂದರೆ ಮಧುರೈ ರಾತ್ರಿ ತಿನ್ನುವ ಊರು. "ತೂಂಗಾ ನಗರಂ", ನಿದ್ದೆ ಮಾಡದ ಊರು, ಅಂತ ಅಲ್ಲಿಯವರೇ ಹೇಳಿಕೊಳ್ಳುತ್ತಾರೆ. ಹಿಂದೆ ಆಫೀಸ್ ಕೆಲಸಕ್ಕೆ ಹೋದಾಗ ನೋಡಿದ್ದೇನೆ. ರಾತ್ರಿ ಹನ್ನೊಂದಕ್ಕೆ ತಳ್ಳುಗಾಡಿಯ ಮುಂದೆ ಜನ ನಿಂತುಕೊಂಡು ಬಿಸಿ ಇಡ್ಲಿ ತಿನ್ನುತ್ತಾರೆ, ನಾವು ಬೆಳಿಗ್ಗೆ ಎಂಟಕ್ಕೆ ತಿನ್ನುವ ಹಾಗೆ. ಬಾಳೆಎಲೆಯ ತುಂಡು, ಮೇಲೆ ಮೆತ್ತಗಿನ ಇಡ್ಲಿ, ಸುತ್ತ ಬಿಳಿ, ಹಸಿರು, ಕೆಂಪು ಚಟ್ನಿಗಳು. ಕೇಳುವ ಮೊದಲೇ ಸಾಂಬಾರ್ ಸುರಿದಾಗಿರುತ್ತದೆ. ಚೆನ್ನೈ, ಸಿಂಗಾಪುರದವರೆಗೂ ಹೋಗಿರುವ ಮುರುಗನ್ ಇಡ್ಲಿ ಅಂಗಡಿ ಹುಟ್ಟಿದ್ದು ಇದೇ ಊರಲ್ಲಿ. ಅಲ್ಲಿಗೂ ಒಮ್ಮೆ ಹೋಗೋಣ ಅಂತ ಗೆಳತಿ. ಹೋಗೋಣ, ಆದರೆ ಮೊದಲ ಇಡ್ಲಿ ಗಾಡಿಯಲ್ಲೇ ಅಂತ ನಾನು.

ಇಂಟರ್ನೆಟ್ಟಿನಲ್ಲಿ ಸಿಗುವ "ಮಧುರೈಯಲ್ಲಿ ತಿನ್ನಲೇಬೇಕಾದ 25" ಥರದ ಪಟ್ಟಿಗಳು ನನಗೆ ಯಾಕೆ ಉಪಯೋಗಕ್ಕೆ ಬರಲಿಲ್ಲ ಅನ್ನುವುದೂ ಇದರಿಂದಲೇ ಗೊತ್ತಾಯಿತು. ಎಲ್ಲಿ ಅಂತ ಹೇಳುತ್ತವೆ, ಯಾವಾಗ ಅಂತ ಹೇಳುವುದಿಲ್ಲ. ಈ ಊರಿನಲ್ಲಿ ಯಾವಾಗ ಅನ್ನುವುದೇ ಮುಖ್ಯ. ಮೆಸ್ ಊಟ ಮಧ್ಯಾಹ್ನದ್ದು, ಅಡೆ ಸಂಜೆಯದ್ದು, ಪರೋಟವನ್ನು ಚೂರು ಚೂರು ಮಾಡಿ ಮೊಟ್ಟೆ, ಮಸಾಲೆ ಜೊತೆ ಹುರಿಯುವ ಕೊತ್ತು ಪರೋಟ ಕತ್ತಲಾದ ಮೇಲಿನದ್ದು. ದೇವಸ್ಥಾನಕ್ಕೂ ಅದರದ್ದೇ ಹೊತ್ತು. ಮಧ್ಯಾಹ್ನ ಹನ್ನೆರಡೂವರೆ ಸುಮಾರಿಗೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ನಾಲ್ಕಕ್ಕೆ. ಹಾಗಾಗಿ ಹಾಳೆಯ ಮೇಲೆ ಹೋಟೆಲ್ ಹೆಸರು ಹೊಡೆದು ಹಾಕಿ ಗಂಟೆಗಳನ್ನು ಬರೆದೆ. ಆಮೇಲೆ ಎಲ್ಲ ಸಲೀಸಾಯಿತು.

ಶನಿವಾರ ಬೆಳಿಗ್ಗೆ ಬೇಗ ದೇವಸ್ಥಾನ. ಫೋನ್ ರೂಮಲ್ಲೇ ಬಿಡಬೇಕು. 2018ರಲ್ಲಿ ಒಳಗಿನ ಅಂಗಡಿಗಳಿಗೆ ಬೆಂಕಿ ಬಿದ್ದ ಮೇಲೆ ಒಳಗೆ ಫೋನ್ ಬಿಡುವುದಿಲ್ಲ. ಒಳ್ಳೆಯದೇ ಆಯಿತು. ಊರಿನ ನಕ್ಷೆ ಮಾತ್ರ ಮೊದಲೇ ತಲೆಯಲ್ಲಿರಬೇಕು. ಗುಡಿಯ ಸುತ್ತ ಚೌಕಾಕಾರದ ಬೀದಿಗಳು, ಒಂದರ ಹೊರಗೆ ಇನ್ನೊಂದು, ಚಿತ್ತಿರೈ, ಆವಣಿ ಮೂಲ, ಮಾಸಿ ಅಂತ ತಮಿಳು ತಿಂಗಳುಗಳ ಹೆಸರು. ಒಮ್ಮೆ ಹಿಡಿತ ಸಿಕ್ಕರೆ ದಾರಿ ತಪ್ಪುವುದಿಲ್ಲ. ರೂಮು ಸ್ಟೇಷನ್ ಹತ್ತಿರದ ವೆಸ್ಟ್ ಪೆರುಮಾಳ್ ಮೇಸ್ತ್ರಿ ಬೀದಿ ಕಡೆ ನೋಡುತ್ತಿದ್ದೇನೆ. ಗುಡಿಗೂ ತಿಂಡಿಗೂ ನಡೆದೇ ಹೋಗಬಹುದು. ತಿಂದದ್ದು ಕರಗಬೇಕಲ್ವಾ.

ಗುಡಿಯಿಂದ ಬಂದ ಮೇಲೆ ಪರುತ್ತಿ ಪಾಲ್. ಇದು ಹತ್ತಿಕಾಳಿನ ಹಾಲು. ನಮ್ಮ ಕಡೆ ಹತ್ತಿಕಾಳು ಅಂದರೆ ಎಮ್ಮೆಗೆ ಹಾಕುವುದು, ಹಾಲು ಗಟ್ಟಿ ಬರಲಿ ಅಂತ. ಮಧುರೈಯವರು ಎಮ್ಮೆಯನ್ನು ನಡುವೆ ತರದೆ ನೇರ ತಾವೇ ಕುಡಿಯುತ್ತಾರೆ. ಕಾಳು ನೆನೆಹಾಕಿ, ರುಬ್ಬಿ, ಹಿಂಡಿ ಹಾಲು ತೆಗೆದು, ಬೆಲ್ಲ, ಶುಂಠಿ, ಏಲಕ್ಕಿ ಹಾಕಿ ಕುದಿಸುತ್ತಾರೆ. ಅಪ್ಪನಿಗೆ ಹೇಳಿದೆ. "ದುಡ್ಡು ಕೊಟ್ಟು ಕುಡೀತೀಯಾ?" ಅಂತ ಕೇಳಿದರು.

ಮಧ್ಯಾಹ್ನಕ್ಕೆ ನಮ್ಮ ದಾರಿ ಬೇರೆ ಬೇರೆ. ಅವಳು ಬಾಳೆಎಲೆ ಊಟಕ್ಕೆ, ನಾನು ಮೆಸ್ಸಿಗೆ. ಅಮ್ಮಾ ಮೆಸ್, ಚಂದ್ರನ್ ಮೆಸ್, ಕುಮಾರ್ ಮೆಸ್ ಎಲ್ಲ ಹೆಸರಾದವೇ. ನನಗೆ ಬೇಕಾಗಿರುವುದು ಅಯಿರ ಮೀನಿನ ಕುಳಂಬು. ಬೆರಳಿಗಿಂತ ಸಣ್ಣ ಹೊಳೆಮೀನು, ಇಡಿಯಾಗಿ ಹುಣಸೆ ಹುಳಿಯಲ್ಲಿ ಬೇಯಿಸಿದ್ದು. ಬೆಂಗಳೂರಲ್ಲಿ ಹುಡುಕಿದರೂ ಸಿಕ್ಕಿಲ್ಲ.

ಆಮೇಲೆ ನಿದ್ದೆ. ಇದನ್ನು ಹಾಳೆಯಲ್ಲಿ ದೊಡ್ಡದಾಗಿ ಬರೆದಿದ್ದೇನೆ. ಎರಡರಿಂದ ನಾಲ್ಕೂವರೆ ಯಾರೂ ಎಲ್ಲಿಗೂ ಹೋಗುವುದಿಲ್ಲ. ರಾತ್ರಿ ತಿನ್ನಬೇಕೆಂದರೆ ಮಧ್ಯಾಹ್ನ ಮಲಗಲೇಬೇಕು.

ಸಂಜೆಗೆ ತಿರುಮಲೈ ನಾಯಕರ್ ಮಹಲ್. 1636ರಲ್ಲಿ ಕಟ್ಟಿದ ಅರಮನೆ, ಈಗ ಉಳಿದಿರುವುದು ಕಾಲು ಭಾಗದಷ್ಟೇ. ಆ ದಪ್ಪ ಕಂಬಗಳ ಗಾರೆಗೆ ಸುಣ್ಣದ ಜೊತೆ ಮೊಟ್ಟೆಯ ಬಿಳಿ ಬೆರೆಸಿ ನುಣುಪು ಮಾಡಿದ್ದರಂತೆ. "ನೀನು ಕಂಬ ಮುಟ್ಟಬಹುದಾ?" ಅಂತ ಗೆಳತಿಯನ್ನು ಕೇಳಿದೆ. ಫೋನ್ ಇಟ್ಟಳು. ಐದು ನಿಮಿಷದ ಮೇಲೆ ಅವಳೇ ಮಾಡಿದಳು.

ಇತಿಹಾಸದ ಮಾತು ಬಂತಲ್ಲ, ಒಂದನ್ನು ಬರೆಯದೆ ಇರಲಾರೆ. ಕನ್ನಡಿಗರಿಗೆ ಮಧುರೈ ಬರೀ ಮೀನಾಕ್ಷಿಯ ಊರಲ್ಲ. ಹೊಯ್ಸಳರ ಮೂರನೇ ವೀರ ಬಲ್ಲಾಳನನ್ನು ಎಂಬತ್ತು ದಾಟಿದ ವಯಸ್ಸಿನಲ್ಲಿ, 1343ರ ಸುಮಾರಿಗೆ, ಮಧುರೈ ಸುಲ್ತಾನ ಸೆರೆಹಿಡಿದು ಕೊಲ್ಲಿಸಿದ. ಅವನ ಚರ್ಮಕ್ಕೆ ಹುಲ್ಲು ತುಂಬಿ ಊರ ಗೋಡೆಗೆ ನೇತುಹಾಕಿದ್ದರು, ನಾನೇ ನೋಡಿದೆ ಅಂತ ಆಗ ಅಲ್ಲಿಗೆ ಬಂದಿದ್ದ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಬರೆದಿಟ್ಟಿದ್ದಾನೆ. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ವಿಜಯನಗರದ ಬುಕ್ಕರಾಯನ ಮಗ ಕುಮಾರ ಕಂಪಣ ಹೋಗಿ ಆ ಸುಲ್ತಾನರನ್ನು ಮಣಿಸಿದ. ಆಮೇಲೆ ಬಂದ ನಾಯಕರೂ ಮೊದಲು ವಿಜಯನಗರದ ಕಡೆಯವರೇ. ಹಳೇಬೀಡಿಗೆ ಹೋಗಿ ಫೋಟೋ ತೆಗೆಸಿಕೊಂಡು ಬರುವ ನಾವು ಆ ಮುದುಕ ರಾಜನ ಕೊನೆ ಎಲ್ಲಾಯಿತು ಅಂತ ಕೇಳುವುದೇ ಇಲ್ಲ.

ಸರಿ, ಮತ್ತೆ ತಿಂಡಿಗೆ. ಮಹಲಿನಿಂದ ವಿಳಕ್ಕುತ್ತೂಣ್ ಕಡೆ ನಡೆದರೆ ಜಿಗರ್‌ಥಂಡಾ. ಕಳೆದ ಸಲ ಅದನ್ನು ಜೋಡಿಸುವುದನ್ನೇ ನೋಡುತ್ತ ನಿಂತಿದ್ದೆ. ಗ್ಲಾಸಿನ ತಳಕ್ಕೆ ನೆನೆದು ಉಬ್ಬಿದ ಬಾದಾಮಿ ಗೋಂದು, ಒಡೆದ ಗಾಜಿನ ಚೂರುಗಳ ಹಾಗೆ ಹೊಳೆಯುತ್ತದೆ. ಅದರ ಮೇಲೆ ನನ್ನಾರಿ ಶರಬತ್ತು. ಅದರ ಮೇಲೆ ಕಾಯಿಸಿ ಕಾಯಿಸಿ ಕೆಂಪಗಾದ ತಣ್ಣನೆಯ ಹಾಲು. ಕೊನೆಗೆ ಒಂದು ಚಮಚ ಐಸ್‌ಕ್ರೀಮ್. ನನ್ನಾರಿ ಅಂದರೆ ನಮ್ಮ ಸೊಗದೆ ಬೇರು. ತೀರ್ಥಹಳ್ಳಿಯವಳಿಗೆ ಅದರ ಶರಬತ್ತು ಹೊಸದಲ್ಲ. ಹಾಲಿಗೆ ಬೆರೆಸುತ್ತಾರೆ ಅಂದಾಗ ಮಾತ್ರ ಮುಖ ಸಿಂಡರಿಸಿದ್ದು ಫೋನಿನಲ್ಲೇ ಗೊತ್ತಾಯಿತು.

ಅವಳಿಗಾಗಿಯೇ ಹುಡುಕಿದ್ದು ಮುಳ್ಳುಮುರುಂಗೈ ಅಡೆ. ನಮ್ಮ ಹಾಲವಾಣದ ಎಲೆಯನ್ನು ಅಕ್ಕಿ ಜೊತೆ ರುಬ್ಬಿ ಎಣ್ಣೆಯಲ್ಲಿ ಕರಿದ ಹಸಿರು ಅಡೆ. ಮಧುರೈಯ ಸೌರಾಷ್ಟ್ರದವರ ತಿಂಡಿ. ಗುಜರಾತ್ ಕಡೆಯಿಂದ ಬಂದು ನೆಲೆಸಿದ ರೇಷ್ಮೆ ನೇಕಾರರು ಅವರು, ಮನೆಯಲ್ಲಿ ಇವತ್ತಿಗೂ ತಮ್ಮದೇ ಭಾಷೆ. ಮೊದಲ ಅಡೆ ಇಬ್ಬರೂ ಕೂಡಿ ತಿನ್ನುವುದು ಅಂತ ಒಪ್ಪಂದವಾಗಿದೆ.

ರಾತ್ರಿಗೆ ಸಿಮ್ಮಕ್ಕಲ್ಲಿನ ಕೋನಾರ್ ಮೆಸ್, ಕರಿ ದೋಸೆ. ದಪ್ಪ ದೋಸೆ ಹೊಯ್ದು, ಅದು ಹಸಿ ಇರುವಾಗಲೇ ಮೊಟ್ಟೆ ಸುರಿದು, ಮೇಲೆ ಮಸಾಲೆಯಲ್ಲಿ ಬೆಂದ ಮಟನ್ ಕೈಮಾ ಹರಡಿ, ಎಣ್ಣೆ ಬಿಟ್ಟು ಮಗುಚುತ್ತಾರೆ. ಒಂದು ತಿಂದರೆ ಇನ್ನೊಂದರ ಯೋಚನೆ ಬರುವುದಿಲ್ಲ. ಗೆಳತಿ ಪಕ್ಕದಲ್ಲಿ ಕೂತು ಏನು ಮಾಡುತ್ತಾಳೆ? ಅವಳು ಬರುವುದೇ ಇಲ್ಲ. ಆ ಹೊತ್ತಿಗೆ ಅವಳು ಗುಡಿಯಲ್ಲಿ. ಒಂಬತ್ತು ದಾಟಿದ ಮೇಲೆ ಸುಂದರೇಶ್ವರನನ್ನು ಪಲ್ಲಕ್ಕಿಯಲ್ಲಿ ಮೀನಾಕ್ಷಿಯ ಪಳ್ಳಿಯರೈಗೆ, ಅಂದರೆ ಮಲಗುವ ಕೋಣೆಗೆ, ಕರೆದೊಯ್ಯುತ್ತಾರೆ, ದಿನಾ ರಾತ್ರಿ. ಅವಳಿಗೆ ಅದು ಬೇಕು, ನನಗೆ ಕೈಮಾ ಬೇಕು. ಯಾರಿಗೂ ಬೇಜಾರಿಲ್ಲ.

ಭಾನುವಾರಕ್ಕೆ ಜಾಸ್ತಿ ಏನೂ ಬರೆದಿಲ್ಲ. ಗೋರಿಪಾಳಯಂನಲ್ಲಿ ವಿಶಾಲಂ ಕಾಫಿ, ಸುಂಗುಡಿ ಸೀರೆ, ಬನ್ ಪರೋಟ. ಶನಿವಾರ ಇಷ್ಟವಾದದ್ದನ್ನು ಮತ್ತೊಮ್ಮೆ ತಿನ್ನಲು ಜಾಗ ಬಿಡಬೇಕು. ತೆಪ್ಪಕ್ಕುಳ ಅನ್ನುವ ದೊಡ್ಡ ಕೊಳದ ತೆಪ್ಪೋತ್ಸವ ಫೆಬ್ರವರಿ ಮೊದಲಿಗೆ, ನಮಗೆ ಸಿಗುವುದಿಲ್ಲ. ಹೋಗಲಿ, ಚಿತ್ತಿರೈ ಹಬ್ಬದ ನೂಕುನುಗ್ಗಲಿಗಿಂತ ಇದೇ ವಾಸಿ.

ಗಂಟು ಬಿದ್ದಿರುವುದು ವಾಪಸ್ ಬರುವುದರಲ್ಲಿ. ವಂದೇ ಭಾರತ್ ಸೋಮವಾರ ಬೆಳಿಗ್ಗೆ ಐದೂಕಾಲಕ್ಕೇ ಹೊರಡುತ್ತದೆ. ಭಾನುವಾರ ರಾತ್ರಿ ಕೊತ್ತು ಪರೋಟ ತಿಂದು, ಹನ್ನೆರಡಕ್ಕೆ ಮಲಗಿ, ನಾಲ್ಕಕ್ಕೆ ಏಳಬೇಕು. ತೂತುಕುಡಿ ಕಡೆಯಿಂದ ಬರುವ ರೈಲು ಹಿಡಿದರೆ ಭಾನುವಾರ ಸಂಜೆಯೇ ಊರು ಬಿಡಬೇಕು. ಗೆಳತಿ ಸಂಜೆಯ ರೈಲಿನ ಪರ, ಅವಳಿಗೆ ಪರೋಟದ ಮೇಲೆ ಅಂಥ ವ್ಯಾಮೋಹವಿಲ್ಲ. ನನ್ನದು ಐದೂಕಾಲು. 26ರ ಬುಕಿಂಗ್ ತೆರೆಯುವುದು ಗುರುವಾರ. ಅಷ್ಟರೊಳಗೆ ಅವಳನ್ನು ಒಪ್ಪಿಸಬೇಕು. ಮೊಟ್ಟೆಯಿಲ್ಲದ ವೆಜ್ ಕೊತ್ತು ಪರೋಟ ಮಾಡಿಕೊಡುವ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ಬೇಗ ತಿಳಿಸಿ.