ಎರೆ ಮಣ್ಣಿನಲ್ಲಿ ಕಿರುವನ: ಎರಡನೆಯ ವರ್ಷದ ಟಿಪ್ಪಣಿ

ಕಲಬುರಗಿಯ ನಮ್ಮ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟು, ಬಳಿಕ ಬಳ್ಳಾರಿ ಜಾಲಿ ಆವರಿಸಿಕೊಂಡಿದ್ದ ಜಾಗದಲ್ಲಿ ನಾವು ಹದಿನೈದು ಜನ ಸಸಿ ನೆಡತೊಡಗಿ ಈ ಮೃಗಶಿರಾ ಮಳೆಗೆ ಎರಡು ವರ್ಷ ತುಂಬುತ್ತದೆ. ನೆಟ್ಟದ್ದು 160; ನಿನ್ನೆ ಭಾನುವಾರ ಎಣಿಸಿದಾಗ ಉಳಿದಿದ್ದವು 97. ಸತ್ತ ಸಸಿಗಳನ್ನು ಬಿಸಿಲಿನ ಲೆಕ್ಕಕ್ಕೆ ಬರೆದರೆ ಈ ಊರಿನಲ್ಲಿ ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಆದರೆ ನಮ್ಮ ವಹಿಯ ಪ್ರಕಾರ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತದ್ದು ಮಳೆಗಾಲದಲ್ಲಿ.

ಬಸಾಲ್ಟ್ ಶಿಲೆ ಶಿಥಿಲಗೊಂಡು ಆದ ಎರೆ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಇದು ಗೊತ್ತಿದ್ದೂ ಮೊದಲ ವರ್ಷ ಎರಡಡಿ ಗುಂಡಿ ತೋಡಿ, ಬೇರೆ ಕಡೆಯಿಂದ ತರಿಸಿದ ಕೆಂಪು ಮಣ್ಣು ಮತ್ತು ಗೊಬ್ಬರ ತುಂಬಿದೆವು. ಸುತ್ತಲಿನ ಎರೆ ನೀರನ್ನು ಇಂಗಗೊಡದೆ ಹಿಡಿದಿಟ್ಟಿದ್ದರಿಂದ ಪ್ರತಿಯೊಂದು ಗುಂಡಿಯೂ ಹಂಡೆಯಾಯಿತು. ಬಾಡಿದ ಬೇವಿನ ಸಸಿಯೊಂದನ್ನು ಕಿತ್ತು ನೋಡಿದಾಗ ಬೇರು ಕಪ್ಪಾಗಿತ್ತು. ಬೆರಳಿನಿಂದ ಹಿಡಿದೆಳೆದರೆ ಸಿಪ್ಪೆ ಕಾಲುಚೀಲದಂತೆ ಕಳಚಿ ಬಂದಿತು. ಅದೇ ಸಾಲಿನ ಕರಿಜಾಲಿ ಮತ್ತು ಹೊಂಗೆಗೆ ಏನೂ ಆಗಿರಲಿಲ್ಲ, ಏಕೆಂದರೆ ಅವು ನಿಂತ ನೀರನ್ನು ತಾಳುತ್ತವೆ. ಆದ್ದರಿಂದ ಎರಡನೆಯ ವರ್ಷ ತಗ್ಗಿನಲ್ಲಿ ಅವೆರಡನ್ನೇ ನೆಟ್ಟು, ಬೇವು ಮತ್ತು ಹುಣಸೆಗೆ ಅಡಿ ಎತ್ತರದ ದಿಬ್ಬ ಮಾಡಿ, ಗುಂಡಿಗೆ ತೋಡಿದ ಮಣ್ಣನ್ನೇ ಮರಳಿ ತುಂಬಿದೆವು.

ಬೇಸಿಗೆಯ ಪಾಠ ಬೇರೆಯದು. ಏಪ್ರಿಲ್‌ನಲ್ಲಿ ಒಂದು ಹುಣಸೆಯ ಬುಡದ ಪಕ್ಕದ ಬಿರುಕಿನಲ್ಲಿ ನನ್ನ ಅಂಗೈ ಮಣಿಕಟ್ಟಿನವರೆಗೆ ಇಳಿಯಿತು, ಒಳಗೆ ಹರಿದ ಎಳೆಬೇರುಗಳು ಬಿಳಿದಾರದಂತೆ ನೇತಾಡುತ್ತಿದ್ದವು. ಸುರಿದ ಕೊಡದ ನೀರು ಗುಳುಗುಳು ಎಂದು ಆ ಬಿರುಕಿನೊಳಗೇ ಇಳಿದು ಹೋಯಿತು, ಪಾತಿಯ ಮಣ್ಣು ಸರಿಯಾಗಿ ನೆನೆಯಲೂ ಇಲ್ಲ. ಈಗ ಮೊದಲು ಕುರ್ಪಿಯಿಂದ ಮೇಲ್ಮಣ್ಣು ಕೆದಕಿ, ಪುಡಿಮಣ್ಣಿನಿಂದ ಬಿರುಕು ಮುಚ್ಚಿ, ಆಮೇಲೆ ನೀರು ಹಾಕುತ್ತೇವೆ. ತೊಗರಿ ಸಾಲಿನಲ್ಲಿ ಎಡೆ ಹೊಡೆಯುವ ರೈತರಿಗೆ ಇದು ಹೊಸತಲ್ಲ. ನಮಗೆ ತಿಳಿಯಲು ಒಂದಿಡೀ ಬೇಸಿಗೆ ಹಿಡಿಯಿತು.

ಬುಡಕ್ಕೆ ಮುಚ್ಚಲು ಅಗ್ಗವೆಂದು ತೊಗರಿ ಹೊಟ್ಟು ತಂದದ್ದು ನನ್ನದೇ ಸಲಹೆ. ಬೀದಿ ದನಗಳು ಒಂದೇ ರಾತ್ರಿಯಲ್ಲಿ ಹೊಟ್ಟನ್ನು ಮುಗಿಸಿ, ಜೊತೆಗೆ ಆರು ಹುಣಸೆಯ ಕುಡಿಗಳನ್ನೂ ತಿಂದು ಹೋದವು. ಈಗ ಉದುರಿದ ಬೇವಿನೆಲೆಯನ್ನೇ ಹಾಸುತ್ತಿದ್ದೇವೆ, ದನಗಳು ಇನ್ನೂ ಅದರ ತಂಟೆಗೆ ಬಂದಿಲ್ಲ.

ಬಳ್ಳಾರಿ ಜಾಲಿಯನ್ನು ನೆಲಮಟ್ಟಕ್ಕೆ ಕಡಿದ ಕಡೆಯಲ್ಲೆಲ್ಲ ಮತ್ತೆ ಚಿಗುರಿದೆ. ಬುಡವನ್ನು ಅಗೆದು ತೆಗೆಯಲೇಬೇಕು. ಆರಿದ್ರಾ ಮಳೆಗೆ ಮುಂಚೆ 40 ದಿಬ್ಬಗಳನ್ನೂ ಏರಿಸಬೇಕಾಗಿದೆ, ಆದರೆ ನಮ್ಮಲ್ಲಿರುವ ಹಾರೆಗಳು ಎರಡೇ, ಅದರಲ್ಲೊಂದರ ಮೊನೆ ಮೊಂಡಾಗಿದೆ.