ಬರೆದು ಕೊಡಬೇಕಿತ್ತು

ಶನಿವಾರ ಅಪ್ಪ ಅಮ್ಮನನ್ನು ಲಂಡನ್ನಿನ ಪಾರ್ಲಿಮೆಂಟ್ ತೋರಿಸಲು ಕರೆದುಕೊಂಡು ಹೋಗಿದ್ದೆ. ಇವತ್ತು ಗುರುವಾರ, ಮನೆಯಲ್ಲಿ ಜಗಳ ಇನ್ನೂ ಮುಗಿದಿಲ್ಲ. ಜಗಳದ ವಿಷಯ 1834ರದ್ದು. ಆ ವರ್ಷ ಅಲ್ಲಿ ಬೆಂಕಿ ಬಿತ್ತಲ್ಲ, ಅದಕ್ಕೆ ಮುಂಚೆ ಯಾರು ಯಾರಿಗೆ ಏನು ಹೇಳಿದ್ದರು ಅನ್ನೋದು.

ನಮ್ಮಪ್ಪ ತಾಲ್ಲೂಕು ಕಚೇರಿಯಲ್ಲಿ ಎಫ್‌ಡಿಎ ಆಗಿ ರಿಟೈರ್ ಆದವರು. ಟಪಾಲು ನೋಡಿದ್ದಾರೆ, ರೆಕಾರ್ಡ್ ರೂಮ್ ನೋಡಿಕೊಂಡಿದ್ದಾರೆ, ಪಹಣಿ ಕೈಬರಹದಿಂದ ಕಂಪ್ಯೂಟರ್‌ಗೆ ಹೋದಾಗ ಅಲ್ಲೇ ಇದ್ದರು. ಕೆಲಸ ಬಿಟ್ಟರೂ ಆ ಕಣ್ಣು ಹೋಗಿಲ್ಲ. ಧರ್ಮಸ್ಥಳಕ್ಕೆ ಹೋದರೂ ಸೇವಾ ರಸೀದಿಯ ಕ್ರಮಸಂಖ್ಯೆ ನೋಡಿಯೇ ಜೇಬಿಗಿಡುವ ಮನುಷ್ಯ. ವಿಚಿತ್ರ ಅಂದರೆ ಅವರ ಸ್ವಂತ ಜಮೀನಿನ ಪೋಡಿ, ಅಂದರೆ ಪಾಲು ಅಳೆದು ಬೇರೆ ಮಾಡೋದು, ಇನ್ನೂ ಆಗಿಲ್ಲ. ದಾಯಾದಿ ತಕರಾರು, ಕೋರ್ಟು, ವಾಯ್ದೆ ಮೇಲೆ ವಾಯ್ದೆ. ಅದನ್ನು ಕೇಳಿದರೆ ಸಿಟ್ಟು ಬರುತ್ತೆ, ಕೇಳಬೇಡಿ.

ಒಳಗೆ ಹೋಗುವಾಗ ಏರ್‌ಪೋರ್ಟ್ ಥರ ತಪಾಸಣೆ. ಅಮ್ಮನ ಚೀಲದಲ್ಲಿದ್ದ ಕೋಡುಬಳೆ ಡಬ್ಬಿಯನ್ನು ತೆಗೆಸಿ, ನೋಡಿ, ನಕ್ಕು ವಾಪಸ್ ಕೊಟ್ಟರು. ನಮ್ಮ ಗೈಡ್ ಅರವತ್ತು ದಾಟಿದ ಹೆಂಗಸು. ತೆಳ್ಳಗೆ, ಚುರುಕಾಗಿ, ಪ್ರಶ್ನೆ ಕೇಳಿದರೆ ಖುಷಿಪಡುವ ಜಾತಿ. ನನಗೆ ತುಂಬಾ ಇಷ್ಟವಾದರು. ಗುಂಪಿನಲ್ಲಿ ನಮ್ಮ ಕಡೆಯವನೇ ಒಬ್ಬ ಇದ್ದ, ಆಕೆ ಏನು ಹೇಳಿದರೂ 'ಗೊತ್ತು ಗೊತ್ತು' ಅಂತ ತಲೆ ಆಡಿಸುತ್ತಿದ್ದ. ಎಲ್ಲಾ ಗೊತ್ತಿದ್ದವನು ಟಿಕೆಟ್ ಯಾಕೆ ತಗೊಂಡನೋ.

ಮೊದಲು ವೆಸ್ಟ್‌ಮಿನ್‌ಸ್ಟರ್ ಹಾಲ್. 1097ರಲ್ಲಿ ಕಟ್ಟಿದ್ದು. ಮೇಲಿನ ಮರದ ಚಾವಣಿ ಅದಾಗಿ ಮುನ್ನೂರು ವರ್ಷದ ನಂತರದ್ದು. ಇಷ್ಟಗಲದ ಹಾಲ್‌ಗೆ ನಡುವೆ ಒಂದೇ ಒಂದು ಕಂಬ ಇಲ್ಲ. ಅಮ್ಮ ಕತ್ತೆತ್ತಿ ನೋಡಿದವಳು ಹಾಗೇ ನಿಂತುಬಿಟ್ಟಳು. ಒಂದನೇ ಚಾರ್ಲ್ಸ್ ರಾಜನ ವಿಚಾರಣೆ 1649ರಲ್ಲಿ ಇಲ್ಲೇ ನಡೆದಿದ್ದು. ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ವಿಚಾರಣೆಯೂ ಇಲ್ಲೇ, 1788ರಲ್ಲಿ ಶುರುವಾಗಿ 1795ರಲ್ಲಿ ಮುಗಿದು ಆತ ಖುಲಾಸೆ ಆದ ಅಂತ ಗೈಡ್ ಹೇಳಿದರು. ನಾನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ.

"ಏಳೇ ವರ್ಷಾನಾ?" ಅಂದರು ಅಪ್ಪ. ನಿಜವಾಗಲೂ ಮೆಚ್ಚಿಕೊಂಡು.

ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ತೆಗೆದುಕೊಂಡ ಕಾರ್ನ್‌ವಾಲಿಸ್ ಇದ್ದಾನಲ್ಲ, ಅವನೂ ಊರಿಗೆ ಮರಳಿದ ಮೇಲೆ 1794ರಲ್ಲಿ ಇದೇ ವಿಚಾರಣೆಗೆ ಬಂದು ಹೇಸ್ಟಿಂಗ್ಸ್ ಪರ ಸಾಕ್ಷಿ ಹೇಳಿದ್ದ. ಅದನ್ನೂ ಹೇಳಿದೆ. ಅಪ್ಪನಿಗೆ ಆಶ್ಚರ್ಯ ಆಗಲಿಲ್ಲ. "ಒಬ್ಬರಿಗೊಬ್ಬರು ಬಿಟ್ಟುಕೊಡ್ತಾರಾ" ಅಂದರು, ಮುಂದೆ ನಡೆದರು.

ಆಮೇಲೆ ಲಾರ್ಡ್ಸ್ ಸಭೆ. ಎಲ್ಲೆಲ್ಲೂ ಚಿನ್ನ, ಕೆಂಪು ಬೆಂಚು. ನನಗೆ ಅಷ್ಟು ಇಷ್ಟವಾಗಲಿಲ್ಲ, ಕಣ್ಣು ನೋಯುತ್ತೆ. ಗೈಡ್ ಬೆಂಕಿಯ ಕಥೆ ಹೇಳಿದ್ದು ಅಲ್ಲಿ.

ಹಿಂದಿನ ಕಾಲದಲ್ಲಿ ಇಂಗ್ಲೆಂಡಿನ ಖಜಾನೆಗೆ ದುಡ್ಡು ಕಟ್ಟಿದರೆ ರಸೀದಿಯಾಗಿ ಕೊಡುತ್ತಿದ್ದದ್ದು ಒಂದು ಮರದ ಕಡ್ಡಿ. ಅದರ ಮೇಲೆ ಗಾಯ ಮಾಡಿ ಮೊತ್ತ ಗುರುತಿಸುತ್ತಿದ್ದರು. ಸಾವಿರ ಪೌಂಡ್ ಆದರೆ ಅಂಗೈ ದಪ್ಪದ ಕಚ್ಚು, ನೂರಾದರೆ ಹೆಬ್ಬೆರಳಿನಷ್ಟು, ಇಪ್ಪತ್ತಾದರೆ ಕಿರುಬೆರಳಿನಷ್ಟು. ಆಮೇಲೆ ಕಡ್ಡಿಯನ್ನು ಉದ್ದಕ್ಕೆ ಸೀಳಿ ಒಂದು ಸೀಳು ಕಟ್ಟಿದವನಿಗೆ, ಇನ್ನೊಂದು ಖಜಾನೆಗೆ. ಮೋಸ ಮಾಡಿದರೆ ಎರಡೂ ಸೀಳು ಕೂಡಲ್ಲ. ಇದನ್ನು ಕೇಳಿ ಅಪ್ಪನ ಮುಖ ಅರಳಿತು. "ನಕಲು ಪ್ರತಿ!" ಅಂದರು. ಗೈಡ್ ಕೈಯಲ್ಲಿದ್ದ ಪೆನ್ನನ್ನೇ ಕಡ್ಡಿ ಅಂದುಕೊಂಡು ಅವರು ತೋರಿಸಿದ್ದನ್ನು ಅಪ್ಪ ತಮ್ಮ ಹೆಬ್ಬೆರಳು ಇಟ್ಟು ಅಳತೆ ನೋಡಿದರು.

ಈ ಪದ್ಧತಿ 1826ರಲ್ಲಿ ನಿಂತಿತು. ಹಳೇ ಕಡ್ಡಿಗಳು ರಾಶಿ ರಾಶಿ ಉಳಿದವು. 1834ರಲ್ಲಿ ಜಾಗ ಬೇಕಾಯಿತು. ನಮ್ಮ ಕಚೇರಿ ಮಾತಲ್ಲಿ ಹೇಳಬೇಕಂದರೆ ಹಳೇ ಕಡತ ವಿಲೇವಾರಿ. ಅಕ್ಟೋಬರ್ 16ರಂದು ಇಬ್ಬರು ಕೆಲಸಗಾರರು ಎರಡು ಗಾಡಿ ಕಡ್ಡಿಗಳನ್ನು ಲಾರ್ಡ್ಸ್ ಸಭೆಯ ಕೆಳಗಿದ್ದ ಒಲೆಗಳಿಗೆ ಬೆಳಿಗ್ಗೆಯಿಂದ ಸಂಜೆವರೆಗೂ ತುಂಬಿದರು. ಆ ದಿನ ಮಧ್ಯಾಹ್ನದ ಮೇಲೆ ಇಬ್ಬರು ಗಂಡಸರು ನಮ್ಮ ಹಾಗೇ ಸಭೆ ನೋಡಲು ಬಂದರು. ಮನೆವಾರ್ತೆ ನೋಡಿಕೊಳ್ಳುತ್ತಿದ್ದ ರೈಟ್ ಅನ್ನೋ ಹೆಂಗಸು ಒಳಗೆ ಕರೆದುಕೊಂಡು ಹೋದಳು. ಹೊಗೆಯಲ್ಲಿ ಗೋಡೆಯ ಮೇಲಿನ ಚಿತ್ರ ನೇಯ್ದ ಪ್ರಸಿದ್ಧ ಪರದೆಗಳು ಸರಿಯಾಗಿ ಕಾಣಲೇ ಇಲ್ಲ. ನೆಲದ ಬಿಸಿ ಬೂಟು ದಾಟಿ ಅಂಗಾಲಿಗೆ ತಾಕಿತು. ಬಂದವರು ಅದನ್ನು ಹೇಳಿದರು. ನೋಡಿಕೊಂಡು ಹೋದರು. ಆಕೆ ಐದು ಗಂಟೆಗೆ ಬೀಗ ಹಾಕಿದಳು. ಆರರ ಹೊತ್ತಿಗೆ ಉರಿ ಹೊರಗೆ ಬಂತು. ರಾತ್ರಿ ಕಳೆಯುವಷ್ಟರಲ್ಲಿ ಲಾರ್ಡ್ಸ್, ಕಾಮನ್ಸ್ ಎರಡೂ ಬೂದಿ. ಹಾಲ್ ಮಾತ್ರ ಹೇಗೋ ಉಳಿಯಿತು.

ನಾನು ಇಷ್ಟನ್ನೂ ಪಿಸುಮಾತಿನಲ್ಲಿ ಹೇಳುತ್ತಿದ್ದಾಗ ಅಪ್ಪ ಕೆಳಗೆ ನೋಡಿ, ನಾನು ಕೊಡಿಸಿದ ಹೊಸ ಶೂ ತುದಿಯಿಂದ ನೆಲ ಒತ್ತಿ ನೋಡಿದರು. ಇದು ಆ ಕೋಣೆ ಅಲ್ಲ, ಇದು ಬೆಂಕಿ ಆದ ಮೇಲೆ ಕಟ್ಟಿದ್ದು ಅಂದೆ. "ಗೊತ್ತಮ್ಮ" ಅಂತ ಇನ್ನೊಂದು ಸಲ ಒತ್ತಿದರು. ಆಮೇಲೆ ಕೇಳಿದರು: "ಆಯಮ್ಮ ಯಾರಿಗೆ ಹೇಳಿದ್ಲು? ಕೇಳು ಅವರನ್ನ."

ಕೇಳಿದೆ. ಒಲೆ ಉರಿಸುವವರಿಗೆ ಹೇಳಿ ಕಳಿಸಿದ್ದಳಂತೆ, ಅವರು ಕೆಲಸ ಮುಗಿಸಬೇಕು ಅಂದರಂತೆ.

"ಬರೆದು ಕೊಡಬೇಕಿತ್ತು" ಅಂದರು ಅಪ್ಪ.

ಅಲ್ಲಿಗೆ ಬಿಟ್ಟಿದ್ದರೆ ನಾನು ನಕ್ಕು ಮರೆತುಬಿಡುತ್ತಿದ್ದೆ. ಕಾಮನ್ಸ್ ಸಭೆಗೆ ಹೋದೆವು. ಟಿವಿಯಲ್ಲಿ ಕಂಡಿದ್ದಕ್ಕಿಂತ ತುಂಬಾ ಚಿಕ್ಕದು. 650 ಸದಸ್ಯರಿಗೆ 427 ಸೀಟು, ಉಳಿದವರು ನಿಂತುಕೊಳ್ಳಬೇಕು. ಬೆಂಚಿನ ಮೇಲೆ ನಾವು ಕೂರುವ ಹಾಗಿಲ್ಲ. ಸ್ಪೀಕರ್ ಕುರ್ಚಿಯ ಹಿಂದೆ ಒಂದು ಹಸಿರು ಚೀಲ ತೂಗುಹಾಕಿರುತ್ತಾರೆ, ಜನರ ಅರ್ಜಿಗಳನ್ನು ಸದಸ್ಯರು ಅದರಲ್ಲಿ ಹಾಕುತ್ತಾರೆ. ಅಪ್ಪನ ಇಡೀ ಪ್ರವಾಸ ಸಾರ್ಥಕ ಆಗಿದ್ದು ಈ ಚೀಲದ ಹತ್ತಿರ. "ಸ್ವೀಕೃತಿ ಕೊಡ್ತಾರಾ? ಮೊಹರು ಹಾಕಿ?" ಅಂತ ಕೇಳಿಸಿದರು. ಅರ್ಜಿ ಸದನದ ವರದಿಯಲ್ಲಿ ಅಚ್ಚಾಗುತ್ತೆ, ಸರ್ಕಾರ ಉತ್ತರ ಕೊಡುತ್ತೆ ಅಂದರು ಗೈಡ್. ಅಪ್ಪ ನನ್ನ ಕಡೆ ತಿರುಗಿ ಒಂದು ನೋಟ ನೋಡಿದರು. ನಾನೇ ಅವರಿಗೆ ಏನೋ ಬಾಕಿ ಕೊಡಬೇಕಿತ್ತೇನೋ ಅನ್ನೋ ಹಾಗೆ.

ವಾಪಸ್ ಬರುವ ಟ್ರೇನಿನಲ್ಲಿ ಕೋಡುಬಳೆ ತಿನ್ನುತ್ತಾ ನಾನು ಸುಮ್ನೆ ಕೆಣಕಿದೆ. "ಅಪ್ಪ, ಆಯಮ್ಮ ಬರೆದು ಕೊಟ್ಟಿದ್ದರೆ ಬೆಂಕಿ ಹತ್ತುತ್ತಾ ಇರಲಿಲ್ವಾ?"

"ಹತ್ತುತ್ತಿತ್ತು" ಅಂದರು. "ಆದ್ರೆ ಅವಳ ಮೇಲೆ ಬರ್ತಿರಲಿಲ್ಲ."

ಈ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಹತ್ತುತ್ತಿತ್ತು, ಆದ್ರೆ ಅವಳ ಮೇಲೆ ಬರ್ತಿರಲಿಲ್ಲ. ಪಾತ್ರೆ ತೊಳೆಯುವಾಗ, ಆಫೀಸಿಗೆ ಹೋಗುವಾಗ ಅದೇ ಕೇಳಿಸುತ್ತೆ. ಆ ಕ್ಷಣಕ್ಕೆ ನನಗೆ ಸಿಟ್ಟು ಬಂತು. ಇದೇ ನಿಮ್ಮ ಕಚೇರಿಗಳ ರೋಗ, ಕೆಲಸ ಆಯಿತಾ ಅಂತ ಯಾರೂ ನೋಡಲ್ಲ, ಟಿಪ್ಪಣಿ ಆಯಿತಾ ಅಂತ ನೋಡುತ್ತೀರಿ ಅಂದೆ. ಅಮ್ಮ ನನ್ನ ಪರ ಬಂದಳು. "ಒಲೆ ಆರಿಸೋಕೆ ಯಾರ ಪರ್ಮಿಷನ್ ಬೇಕಿತ್ತು? ಎರಡು ಕೊಡ ನೀರು ಸುರಿದಿದ್ರೆ ಆಗಿತ್ತು." ಅಮ್ಮನಿಗೆ ಜಗತ್ತಿನ ಎಲ್ಲ ಸಮಸ್ಯೆಯೂ ಹೀಗೇ, ಯಾರಾದರೂ ಎದ್ದು ಮಾಡಿದರೆ ಮುಗಿಯಿತು. ಎದ್ದು ಮಾಡಿದವಳು ಯಾವಾಗಲೂ ಅವಳೇ, ಅದು ಬೇರೆ ಮಾತು.

ಅಪ್ಪ ವಾದ ಮಾಡಲಿಲ್ಲ. ಕಿಟಕಿ ಕಡೆ ನೋಡುತ್ತಾ ಅವರ ಕಚೇರಿಯ ಹಳೇ ಜವಾನನ ಹೆಸರು ಹೇಳಿದರು, ಅಷ್ಟೇ.

ಆ ಕಥೆ ನನಗೆ ಗೊತ್ತು. ಚಿಕ್ಕಂದಿನಿಂದ ಕೇಳಿದ್ದೇನೆ. ರೆಕಾರ್ಡ್ ರೂಮಿನ ಹೆಂಚು ಒಡೆದು ಮಳೆಗಾಲದಲ್ಲಿ ಸೋರುತ್ತಿತ್ತು. ಆ ಜವಾನ ಪ್ರತಿ ವರ್ಷ ಬಂದುಹೋಗುವ ಸಾಹೇಬರಿಗೆಲ್ಲ ಬಾಯಲ್ಲಿ ಹೇಳುತ್ತಿದ್ದ. ಬರೆಯಲು ಬರುತ್ತಿರಲಿಲ್ಲ, ಬಂದರೂ ಅವನು ಬರೆದದ್ದನ್ನು ಯಾರು ಫೈಲಿಗೆ ಹಾಕುತ್ತಿದ್ದರು? ಒಂದು ಮಳೆಗಾಲ ಹಳೇ ಪುಸ್ತಕಗಳು ನೆನೆದು ಮುದ್ದೆಯಾದವು. ವಿಚಾರಣೆ ನಡೆಯಿತು. ಅಪ್ಪನ ಟಿಪ್ಪಣಿ ಫೈಲಿನಲ್ಲಿತ್ತು, ಅಪ್ಪ ಬಚಾವಾದರು. ಕೀಲಿಕೈ ಜವಾನನ ಹತ್ತಿರ ಇತ್ತು, ಅವನು ಸಸ್ಪೆಂಡ್ ಆದ. ಮಾಡಿನ ರಿಪೇರಿಗೆ ಹಣ ಮಂಜೂರು ಮಾಡದವರ ಬಗ್ಗೆ ವರದಿಯಲ್ಲಿ ಒಂದು ಸಾಲೂ ಇರಲಿಲ್ಲವಂತೆ.

ಅವತ್ತು ರಾತ್ರಿ ಕೂತು ಲಂಡನ್ ಬೆಂಕಿಯ ಬಗ್ಗೆ ಓದಿದೆ. ಅಲ್ಲೂ ವಿಚಾರಣೆ ನಡೆದಿದೆ. ಯಾರ ಪಿತೂರಿಯೂ ಅಲ್ಲ, ಬರೀ ನಿರ್ಲಕ್ಷ್ಯ ಅಂತ ತೀರ್ಮಾನ. ಯಾರ ನಿರ್ಲಕ್ಷ್ಯ ಅಂತ ಹುಡುಕುತ್ತಾ ಹೋದರೆ ಒಲೆ ಮುಂದೆ ನಿಂತವರು, ಬೀಗ ಹಾಕಿದವಳು ಇವರೇ ಮುಂದೆ ಬರುತ್ತಾರೆ. ಅಷ್ಟೊಂದು ಹಳೇ ಕಟ್ಟಡ, ಬೇಕಾಬಿಟ್ಟಿ ಸೇರಿಸಿದ ಕೋಣೆಗಳು, ಮರ, ಹೊಗೆಗೂಡು, ಇದರ ಬಗ್ಗೆ ಬೆಂಕಿಗೆ ಎಷ್ಟೋ ವರ್ಷ ಮುಂಚೆಯೇ ತಿಳಿದವರು ಎಚ್ಚರಿಸಿದ್ದರು. ಆದರೆ ಹೆಸರು ಉಳಿದದ್ದು ರೈಟ್ ಅನ್ನೋ ಹೆಂಗಸಿನದು.

ಈಗಿನ ಕಟ್ಟಡದ ಕಥೆ ಇನ್ನೂ ಚೆನ್ನಾಗಿದೆ. ಹಳೇ ವೈರು, ಹಳೇ ಪೈಪು, ಸೋರುವ ಮಾಡು, ಕಲ್ನಾರು. ಬೆಂಕಿ ಕಾಯಲು ದಿನದ 24 ಗಂಟೆಯೂ ಜನ ಓಡಾಡುತ್ತಿರುತ್ತಾರೆ. ಎಲ್ಲವೂ ಬರವಣಿಗೆಯಲ್ಲಿದೆ, ಅಪ್ಪನಿಗೆ ಇಷ್ಟವಾಗುವ ಹಾಗೆ. ವರದಿ ಮೇಲೆ ವರದಿ. ರಿಪೇರಿಗಾಗಿ ಎಲ್ಲರೂ ಹೊರಗೆ ಹೋಗೋಣ ಅಂತ 2018ರ ಜನವರಿಯಲ್ಲಿ ಕಾಮನ್ಸ್ ಸಭೆ 236–220 ಮತಗಳಿಂದ ಒಪ್ಪಿಕೊಂಡಿದೆ ಕೂಡ. ಇವತ್ತಿಗೂ ಅಲ್ಲೇ ಕೂತಿದ್ದಾರೆ. ಇದನ್ನು ಅಪ್ಪನಿಗೆ ತೋರಿಸಿ, ನೋಡಿ, ಬರೆದು ಕೊಟ್ಟರೆ ಆಯ್ತಾ ಅಂದೆ. "ಈಗ ಏನಾದ್ರೂ ಆದ್ರೆ ಯಾರ ಮೇಲೆ ಬರುತ್ತೆ ಅಂತ ಗೊತ್ತಾಗುತ್ತಲ್ಲ" ಅಂದರು. ನನಗೆ ಇದನ್ನು ಒಪ್ಪಲು ಆಗುತ್ತಿಲ್ಲ. ರಾತ್ರಿಯೆಲ್ಲ ಕಾರಿಡಾರಿನಲ್ಲಿ ಟಾರ್ಚ್ ಹಿಡಿದು ತಿರುಗುವವನ ಮೇಲೆಯೇ ಬರುತ್ತೆ ಅಂತ ನನ್ನ ಅನುಮಾನ.

ನಾನು ಬೈದೆನಲ್ಲ, ನನ್ನ ಕೆಲಸ ಏನು ಬೇರೆಯಾ? ಸಾಫ್ಟ್‌ವೇರ್ ಟೆಸ್ಟಿಂಗ್. ತಪ್ಪು ಕಂಡರೆ ಟಿಕೆಟ್ ಹಾಕುತ್ತೇನೆ, ಸ್ಕ್ರೀನ್‌ಶಾಟ್ ಅಂಟಿಸುತ್ತೇನೆ, ಫೋನಲ್ಲಿ ಮಾತಾಡಿದರೂ ಹಿಂದೆಯೇ ಒಂದು ಮೇಲ್ ಹಾಕುತ್ತೇನೆ. ಅದು ಸರಿಯಾಯಿತಾ ಅನ್ನೋದು ಮುಂದಿನ ತಂಡದ ತಲೆನೋವು. ಸೋಮವಾರ ಇಂಥದ್ದೇ ಒಂದು ಮೇಲ್ ಬರೆಯುತ್ತಾ ಕೂತಾಗ ಅಪ್ಪ ಹಿಂದಿನಿಂದ ಬಂದು ಓದಿ "ಕಾಪಿ ಯಾರ್‍ಯಾರಿಗೆ?" ಅಂದರು. ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಅವರು ಇನ್ನೂ ಎರಡು ಹೆಸರು ಸೇರಿಸುತ್ತಿದ್ದರು.

ನಿನ್ನೆ ಪಾರ್ಲಿಮೆಂಟಿನಿಂದ ಮೇಲ್ ಬಂತು, ಭೇಟಿ ಹೇಗಿತ್ತು ಅಂತ. ಅಪ್ಪ ಕುರ್ಚಿ ಎಳೆದುಕೊಂಡು ಕೂತು ಬರೆಸಿದರು. ಗೈಡ್ ಬಹಳ ಚೆನ್ನಾಗಿ ವಿವರಿಸಿದರು, ಕುಡಿಯುವ ನೀರಿನ ವ್ಯವಸ್ಥೆಯ ಬೋರ್ಡು ಕಣ್ಣಿಗೆ ಬೀಳಲಿಲ್ಲ, ಬೆಂಕಿ ಕಾಯುವವರ ಡ್ಯೂಟಿ ರಿಜಿಸ್ಟರನ್ನು ನೋಡಲು ಬರುವವರಿಗೆ ಕಾಣುವಂತೆ ಇಡಬೇಕು. ಕೊನೆಗೆ ಅಮ್ಮ ಒಲೆ ಹತ್ತಿರದಿಂದಲೇ ಕೂಗಿ, ರೈಟ್ ಅನ್ನೋ ಆಯಮ್ಮನದು ತಪ್ಪಿಲ್ಲ ಅಂತಾನೂ ಬರಿ ಅಂದಳು. ಅದನ್ನೂ ಬರೆದೆ. ಕಳಿಸಿದ ಕೂಡಲೇ ಕಂಪ್ಯೂಟರೇ ಕಳಿಸುವ ಉತ್ತರ ಬಂತು, ನಿಮ್ಮ ಅನಿಸಿಕೆ ತಲುಪಿದೆ ಅಂತ. ಅಪ್ಪ ಅದನ್ನು ಪ್ರಿಂಟ್ ತೆಗಿ ಅಂದರು.

ನಮ್ಮ ಮನೆಯಲ್ಲಿ ಪ್ರಿಂಟರ್ ಇಲ್ಲ. ಆಫೀಸಿನಲ್ಲಿ ತೆಗೆದುಕೊಂಡು ಬಾ ಅಂತ ಇವತ್ತು ಬೆಳಿಗ್ಗೆಯೂ ನೆನಪಿಸಿದ್ದಾರೆ.